ಲ್ಯಾಪ್‌ಟಾಪಿನ ಉಷ್ಣವಿಚಾರ

ರಾಯಚೂರಿನಿಂದ ನಮ್ಮ ವಾಚಕಿಯರೊಬ್ಬರು ಕಳೆದ ತಿಂಗಳು ಒಂದು ಕಾಗದವನ್ನು ಬರೆದಿರುವರು. ಅವರ ಮಗಳು ಸಿವಿಲ್ ಎಂಜಿನಿಯರಿಂಗ್ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಅಣ್ಣನು ಉಪಯೋಗಿಸಿ ಬಿಟ್ಟ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಮಂಚದ ಮೇಲೆ ಕುಳಿತು, ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ಅಭ್ಯಾಸ ಮಾಡುವುದು ಆಕೆಯ ರೂಢಿ. ಕೆಲವು ತಿಂಗಳುಗಳು ಕಳೆಯುವಷ್ಟರಲ್ಲಿ ಎಡದೊಡೆಯ ಮೇಲೆ ಮೀನಿನ ಬಲೆಯಂತೆ ಹೆಣೆದುಕೊಂಡ ಕಂದುಬಣ್ಣದ ಗೆರೆಗಳು ಕಾಣಿಸಿಕೊಂಡುವು. ನೋವಿಲ್ಲ, ತುರಿಕೆಯಿಲ್ಲ, ಆದರೂ ಹೆತ್ತವರ ಮನಸ್ಸು ಸುಮ್ಮನಿರುವುದುಂಟೇ? ರಕ್ತದೋಷವೋ, ಚರ್ಮರೋಗವೋ, ನಾಳೆ ಮದುವೆಯ ಮಾತು ಬಂದಾಗ ಏನು ಹೇಳುವುದೋ ಎಂದು ಆ ತಾಯಿಯವರು ಬಹಳ ಕಳವಳಪಟ್ಟಿರುವರು. ಕೊನೆಗೆ ಚರ್ಮವೈದ್ಯರು ನೋಡಿ, ಇದು ಶಾಖದ ಗುರುತೆಂದೂ, ಯಂತ್ರವನ್ನು ಮೊದಲು ತೊಡೆಯಿಂದ ಇಳಿಸಬೇಕೆಂದೂ ಹೇಳಿದರಂತೆ.

ಈಗ ಹೊಸ ಯಂತ್ರಕ್ಕೆಂದು ಅರವತ್ತು ಸಾವಿರ ರೂಪಾಯಿಗಳನ್ನು ಕೂಡಿಟ್ಟಿರುವರು. ಅಷ್ಟು ಮೊಬಲಗು ಮತ್ತೊಮ್ಮೆ ಕೂಡುವುದು ಹುಡುಗಿಯ ವಿದ್ಯಾಭ್ಯಾಸ ಮುಗಿಯುವುದರೊಳಗೆ ಸಾಧ್ಯವಿಲ್ಲವೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಅಂಗಡಿಯ ವರ್ತಕರಾದರೋ ಎರಡು ಫ್ಯಾನುಗಳುಳ್ಳ ಆಟದ ಯಂತ್ರವೊಂದನ್ನು, ಅಂದರೆ ‘ಗೇಮಿಂಗ್’ ಲ್ಯಾಪ್‌ಟಾಪನ್ನು ತೋರಿಸಿ, ಫ್ಯಾನು ಎರಡಿರುವುದರಿಂದ ತಂಪು ಇಮ್ಮಡಿಯೆಂದು ಹೇಳಿರುವರು. ಈ ಮಾತು ನಿಜವೇ ಎಂಬುದು ಅವರ ಪ್ರಶ್ನೆ. ಒಂದು ಮನೆಯ ಪ್ರಶ್ನೆಯಾದರೂ ಇದು ಅನೇಕ ಮನೆಗಳದು. ಆದಕಾರಣ ಈ ಸಂಚಿಕೆಯ ನಮ್ಮ ಪುಟಗಳನ್ನು ಇದಕ್ಕೇ ಮೀಸಲಿಡುವೆವು.

ಮೊದಲು ಹೆಸರಿನ ವಿಚಾರ. ಲ್ಯಾಪ್‌ಟಾಪೆಂದರೆ ಮಡಿಲ ಮೇಲೆ ಇರತಕ್ಕದ್ದು ಎಂದರ್ಥ. ಸಂಸ್ಕೃತದಲ್ಲಿ ಮಡಿಲಿಗೆ ‘ಅಂಕ’ವೆನ್ನುವರು. ಅಂಕವೆಂದರೆ ಸಂಖ್ಯೆಯೂ ಹೌದು; ಆದ್ದರಿಂದ ಲೆಕ್ಕದಿಂದಲೇ ನಡೆಯುವ ಈ ಉಪಕರಣಕ್ಕೆ ‘ಅಂಕಯಂತ್ರ’ವೆಂದು ಹೆಸರಿಟ್ಟರೆ ಎರಡು ಬಗೆಯಲ್ಲಿಯೂ ಒಪ್ಪುವುದೆಂದು ನಾವು ಎಣಿಸಿದ್ದೆವು. ಅದೇ ಶಬ್ದಕ್ಕೆ ಕಲೆ, ಗುರುತು ಎಂಬ ಮೂರನೆಯ ಅರ್ಥವೂ ಉಂಟು. ಮೊಲದ ಗುರುತುಳ್ಳವನಾದ್ದರಿಂದಲೇ ಚಂದ್ರನು ಶಶಾಂಕನು. ರಾಯಚೂರಿನ ಕಾಗದವನ್ನು ಓದಿದಾಗ ಆ ಮೂರನೆಯ ಅರ್ಥವೂ ಒಪ್ಪಿತಲ್ಲಾ ಎಂದು ಖೇದವಾಯಿತು. ವಿನೋದವೇನೆಂದರೆ, ಯಂತ್ರಕ್ಕೆ ಮಡಿಲಿನ ಹೆಸರು ರೂಢವಾಗಿದ್ದರೂ ಹಲವು ತಯಾರಕರ ಕೈಪಿಡಿಗಳಲ್ಲಿ ಅದನ್ನು ನೇರವಾಗಿ ಮಡಿಲ ಮೇಲೆ ಇಡಕೂಡದೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದು. ಆ ಪುಟವನ್ನು ಓದುವವರು ಯಾರು?

ಹುಡುಗಿಯ ತೊಡೆಯ ಮೇಲಿನ ಗುರುತಿಗೆ ವೈದ್ಯಶಾಸ್ತ್ರದಲ್ಲಿ ‘ಎರಿಥೀಮಾ ಆಬ್ ಇಗ್ನೆ’ ಎಂದು ಹೆಸರು. ಬೆಂಕಿಯಿಂದ ಬಂದ ಕೆಂಪು ಎಂದು ಭಾವ. ಇದರಲ್ಲಿರುವ ಲ್ಯಾಟಿನ್ ಭಾಷೆಯ ‘ಇಗ್ನಿಸ್’ ಶಬ್ದವು ನಮ್ಮ ‘ಅಗ್ನಿ’ಯ ಒಡಹುಟ್ಟು. ಚರ್ಮವು ಸುಡುವಷ್ಟು ಬಿಸಿ ಇದಕ್ಕೆ ಬೇಕಾಗಿಲ್ಲ. ಸುಮಾರು 43ರಿಂದ 47 ಡಿಗ್ರಿ ಸೆಲ್ಸಿಯಸ್ಸಿನ ಶಾಖವು, ಅಂದರೆ ಹಿತವಾಗಿಯೇ ತೋರುವ ಬೆಚ್ಚನೆಯು, ಒಂದೇ ಎಡೆಗೆ ದಿನದಿನವೂ ತಾಗುತ್ತಿದ್ದರೆ ಸಾಕು. ಒಲೆಯ ಮುಂದೆ ಬಹುಕಾಲ ಕುಳಿತವರಿಗೆ, ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಳ್ಳುವವರಿಗೆ ಇದು ಹಿಂದಿನಿಂದಲೂ ಬರುತ್ತಿದ್ದಿತು. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಕಾಂಗಡಿಯೆಂಬ ಕೆಂಡದ ಮಡಕೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು ನಿಲುವಂಗಿಯೊಳಗೆ ಹಿಡಿದುಕೊಳ್ಳುವರಷ್ಟೆ; ಅವರ ತೊಡೆ ಹೊಟ್ಟೆಗಳ ಮೇಲೆ ಇಂಥದೇ ಗುರುತುಗಳು ಮೂಡುವುವು, ದಶಕಗಳ ಕಾಲ ಹಾಗೆಯೇ ನಡೆದರೆ ಕೆಲವರಿಗೆ ಅಲ್ಲಿಯೇ ಅರ್ಬುದವೂ ಹುಟ್ಟುವುದು. ಲ್ಯಾಪ್‌ಟಾಪಿನಿಂದ ಗುರುತು ಬಂದ ಮೊದಲನೆಯ ಪ್ರಕರಣವು 2004ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಯಿತು. ಆ ತಾಯಿಯವರು ಹೆದರತಕ್ಕ ಕಾರಣವಿಲ್ಲ. ಶಾಖವನ್ನು ಬೇಗನೆ ತಪ್ಪಿಸಿದರೆ ಬಣ್ಣವು ತಿಂಗಳುಗಳ ಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತ ಬರುವುದು. ಬಹುಕಾಲ ಮುಂದುವರಿಸಿದವರಲ್ಲಿ ಮಾತ್ರ ನಿಂತುಬಿಡುವುದುಂಟು.

ಗಂಡುಮಕ್ಕಳಿಗೂ ಒಂದು ಮಾತು. ನ್ಯೂಯಾರ್ಕ್ ಪ್ರಾಂತದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದ ವೈದ್ಯರು 29 ಮಂದಿ ಆರೋಗ್ಯವಂತ ತರುಣರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಂದು ಗಂಟೆಯ ಕಾಲ ತೊಡೆಗಳನ್ನು ಕೂಡಿಸಿ ಈ ಯಂತ್ರವನ್ನಿಟ್ಟುಕೊಂಡಾಗ ವೃಷಣಕೋಶದ ಉಷ್ಣತೆಯು ಎರಡೂವರೆ ಡಿಗ್ರಿಗೂ ಮೀರಿ ಏರಿತು. ಸಂತಾನಶಕ್ತಿಗೆ ಆ ಭಾಗವು ತಂಪಾಗಿರಬೇಕೆಂಬುದು ಸಿದ್ಧವಾದ ವಿಷಯ. ಮನೆಯಲ್ಲಿ ಹಿರಿಯರು ಹೇಳಲು ಸಂಕೋಚಪಡುವರೆಂದು ನಾವು ಇಲ್ಲಿ ಹೇಳಿದೆವು.

ಇನ್ನು ಉಷ್ಣದ ಮೂಲ. ಯಂತ್ರವು ಗೋಡೆಯಿಂದ ಎಷ್ಟು ವಿದ್ಯುತ್ತನ್ನು ಸೇವಿಸುವುದೋ ಬಹುಮಟ್ಟಿಗೆ ಅಷ್ಟೂ ಶಾಖವಾಗಿ ಹೊರಬೀಳುವುದು. ಬೀಸುವ ಕಲ್ಲಿನಿಂದ ಹಿಟ್ಟು ಬರುವಂತೆ ಇದರಿಂದ ಭಾರವಾದ ಪದಾರ್ಥವೊಂದೂ ಬರುವುದಿಲ್ಲ. ಲೆಕ್ಕವಾದ ಮೇಲೆ ಉಳಿಯುವುದು ಬಿಸಿಯೇ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಗಣಕವು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿದ್ದಿತು. ಅದನ್ನು ಮಡಿಲ ಮೇಲಿಡುವ ಯೋಚನೆ ಯಾರಿಗೂ ಬರಲಿಲ್ಲ. ಆದ್ದರಿಂದ ಕೊಳ್ಳುವವರು ಮೊದಲು ನೋಡತಕ್ಕದ್ದು ಫ್ಯಾನಿನ ಸಂಖ್ಯೆಯನ್ನಲ್ಲ, ಯಂತ್ರದ ಹಸಿವನ್ನು. ಅದನ್ನು ತಿಳಿಯಲು ಒಂದು ಸುಲಭೋಪಾಯವುಂಟು. ಚಾರ್ಜರಿನ ಬೆನ್ನನ್ನು ತಿರುಗಿಸಿ ಅಲ್ಲಿ ಬರೆದಿರುವ ವಾಟ್ ಎಷ್ಟೆಂದು ಓದಿರಿ. ವೋಲ್ಟ್ ಮತ್ತು ಆಂಪಿಯರ್ ಮಾತ್ರವೇ ಇದ್ದರೆ ಎರಡನ್ನೂ ಗುಣಿಸಿರಿ. ಓದುಬರೆಹದ ಯಂತ್ರಗಳಿಗೆ 45 ಅಥವಾ 65 ವಾಟಿನ ಚಾರ್ಜರ್ ಇರುವುದು. ಆಟದ ಯಂತ್ರಗಳಿಗೆ 150, 180, 230 ವಾಟ್‌ಗಳವರೆಗೂ ಇರುವುದು. ಇವು ವೃಕೋದರನ ವರ್ಗಕ್ಕೆ ಸೇರಿದುವು. ಚಾರ್ಜರಿನ ಮೇಲಿನ ಅಂಕೆಯು ಗರಿಷ್ಠ ಸೇವನೆಯ ಸುಳಿವೇ ಹೊರತು ಸದಾ ಸೇವಿಸುವ ಪ್ರಮಾಣವಲ್ಲ, ನಿಜ. ಸುಮ್ಮನೆ ಕಾಗದ ಬರೆಯುವಾಗ ಭೀಮನೂ ಏಕಾದಶಿ ಮಾಡಿಯಾನು. ಆದರೆ ಕೆಲಸ ಬಿದ್ದ ಕೂಡಲೆ ಅವನ ಊಟ ಅವನಿಗೆ ಬೇಕೇ ಬೇಕು. ಎರಡು ಫ್ಯಾನುಗಳಿರುವುದು ಯಂತ್ರವು ತಂಪೆಂಬುದಕ್ಕೆ ಗುರುತಲ್ಲ. ಒಂದು ಫ್ಯಾನಿಗೆ ಅಡಗದಷ್ಟು ಬಿಸಿ ಒಳಗಿದೆಯೆಂಬುದಕ್ಕೆ ಗುರುತು.

ಹಸಿವಿನ ಎರಡನೆಯ ಸುಳಿವು ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರದಲ್ಲಿರುವುದು. ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಲ್ಲಿ ‘ಯು’ ಎಂದಿದ್ದರೆ ಮಿತಾಹಾರಿ. ಮೂಲ ಸೇವನೆ ಬಹುಶಃ 15 ವಾಟ್. ‘ಎಚ್’ ಎಂದಿದ್ದರೆ 28 ಅಥವಾ 45 ವಾಟ್; ‘ಎಚ್‌ಎಕ್ಸ್’ ಎಂದಿದ್ದರೆ ಇನ್ನೂ ಮೇಲೆ. 2024ರಲ್ಲಿ ಬಂದ ‘ವಿ’ ಅಕ್ಷರದ ವರ್ಗವು ಬಹುಮಟ್ಟಿಗೆ 17 ವಾಟಿನದು, ತಂಪಿಗೆ ಬಹಳ ಯೋಗ್ಯ, ಬೆಲೆ ಮಾತ್ರ ಹೆಚ್ಚು. ಎಎಂಡಿ ಸಂಸ್ಥೆಯವರೂ ‘ಯು’ ಎಂಬುದನ್ನು ಮಿತಾಹಾರಿಗೇ ಇಟ್ಟಿರುವರು. ಇವು ಮೂಲ ಅಂಕೆಗಳೆಂಬುದನ್ನು ಮರೆಯತಕ್ಕದ್ದಲ್ಲ. ಅವಸರದ ಕೆಲಸ ಬಂದಾಗ ಪ್ರೊಸೆಸರು ಸ್ವಲ್ಪ ಕಾಲ ಇದರ ಎರಡು ಮೂರು ಪಾಲು ನುಂಗಬಲ್ಲದು. ಎಷ್ಟು ಕಾಲ, ಎಷ್ಟು ಪಾಲು ಎಂಬುದನ್ನು ನಿಶ್ಚಯಿಸುವವರು ಯಂತ್ರವನ್ನು ಜೋಡಿಸಿದವರು. ಆದಕಾರಣವೇ ಒಂದೇ ಪ್ರೊಸೆಸರುಳ್ಳ ಎರಡು ಯಂತ್ರಗಳಲ್ಲಿ ಒಂದು ತಂಪಾಗಿಯೂ ಇನ್ನೊಂದು ಬಿಸಿಯಾಗಿಯೂ ಇರುವುದು. ಮೈ ತೀರ ತೆಳುವಾಗಿದ್ದು ಅಕ್ಷರ ‘ಎಚ್’ ಆಗಿದ್ದರೆ ಸಂಶಯಪಡಿರಿ. ಇದಲ್ಲದೆ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಎರಡನೆಯ ಒಲೆ. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಕಾರ್ಡು ಯಂತ್ರದಿಂದ ಯಂತ್ರಕ್ಕೆ 35 ವಾಟಿನಿಂದ 115 ವಾಟಿನವರೆಗೆ ಸೇವಿಸುವುದೆಂದರೆ ಹೆಸರನ್ನು ಮಾತ್ರ ನಂಬಿ ಕೊಳ್ಳುವುದು ಹೇಗೆ?

ಫ್ಯಾನೇ ಇಲ್ಲದ ಯಂತ್ರಗಳೂ ಉಂಟು. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಎಂ1 ಎಂಬ ತನ್ನದೇ ಪ್ರೊಸೆಸರಿನೊಡನೆ ಫ್ಯಾನಿಲ್ಲದ ಮ್ಯಾಕ್‌ಬುಕ್ ಏರ್ ಯಂತ್ರವನ್ನು ಹೊರಡಿಸಿದಂದಿನಿಂದ, ಮಿತಾಹಾರಿಯೂ ಚುರುಕಾಗಿ ದುಡಿಯಬಲ್ಲನೆಂಬುದು ಲೋಕಕ್ಕೆ ಮನವರಿಕೆಯಾಯಿತು. ಸದ್ದಿಲ್ಲ, ಧೂಳು ಸೇರುವ ಭಯ ಕಡಮೆ. ಬಹುಕಾಲದ ಭಾರಿ ಕೆಲಸಕ್ಕೆ ಹಚ್ಚಿದರೆ ಮಾತ್ರ ಮೈ ಬಿಸಿಯಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಬರೆಹಗಾರರಿಗೂ ಉಪಾಧ್ಯಾಯರಿಗೂ ಇದು ಉತ್ತಮವೆಂದು ನಮ್ಮ ಮತ.

ಹೊರಮೈಯ ವಿಚಾರವನ್ನು ಅಡಿಗೆಮನೆಯಲ್ಲಿ ಎಲ್ಲರೂ ಬಲ್ಲರು. ಕುದಿಯುವ ಸಾರಿನಲ್ಲಿ ಮರದ ಸೌಟಿನ ಹಿಡಿಯನ್ನು ಹಿಡಿಯಬಹುದು. ಹಿತ್ತಾಳೆಯದನ್ನು ಬಟ್ಟೆಯಿಲ್ಲದೆ ಮುಟ್ಟಲಾಗದು. ಅಲ್ಯೂಮಿನಿಯಮ್ಮು ಪ್ಲಾಸ್ಟಿಕ್ಕಿಗಿಂತ ನೂರಾರು ಪಾಲು ಹೆಚ್ಚಾಗಿ ಶಾಖವನ್ನು ಸಾಗಿಸುವುದು. ಲೋಹದ ಮೈ ಒಳಗಿನ ಬಿಸಿಯನ್ನು ಹರಡಿ ಹೊರಹಾಕಲು ಒಳ್ಳೆಯದು, ಯಂತ್ರಕ್ಕೆ ಹಿತ. ಆದರೆ ಸಮಾನವಾದ ಉಷ್ಣತೆಯಲ್ಲಿಯೇ ಲೋಹವು ಚರ್ಮಕ್ಕೆ ಹೆಚ್ಚು ಬಿಸಿಯಾಗಿ ತಾಗುವುದು, ತೊಡೆಗೆ ಹಿತವಲ್ಲ. ಬಿಸಿಗಾಳಿ ಹೊರಡುವ ಗವಾಕ್ಷಗಳೆಲ್ಲಿವೆಯೆಂಬುದು ಇದಕ್ಕಿಂತಲೂ ಮುಖ್ಯ. ಬಹುತೇಕ ಯಂತ್ರಗಳು ತಳದಿಂದ ಗಾಳಿಯನ್ನು ಸೆಳೆದು ಹಿಂಬದಿಯಿಂದಲೋ ಪಕ್ಕದಿಂದಲೋ ಬಿಡುವುವು. ಬಲಪಕ್ಕದಿಂದ ಬಿಡುವುದಾದರೆ ಮೌಸ್ ಹಿಡಿದ ಕೈಗೆ ಸದಾ ಬಿಸಿಯುಸಿರು. ತಳದಿಂದ ಸೆಳೆಯುವುದಾದರೆ ದಿಂಬು, ಕೌದಿ, ಹಾಸಿಗೆ ಇವುಗಳ ಮೇಲಿಡುವುದು ಮಲಗಿದವನ ಮೂಗಿಗೆ ಕಂಬಳಿ ಹೊದಿಸಿದಂತೆಯೇ ಸರಿ.

ಇಷ್ಟೆಲ್ಲ ನೋಡಿದರೂ ನಮ್ಮ ಬಯಲುಸೀಮೆಯವರಿಗೆ ಇನ್ನೊಂದು ಕಷ್ಟವುಂಟು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಯಂತ್ರದ ಮೈಯ ಬಿಸಿಯು ಕೊಠಡಿಯ ಗಾಳಿಯ ಮೇಲೆ ಇಷ್ಟು ಡಿಗ್ರಿ ಎಂಬ ಲೆಕ್ಕದಲ್ಲಿ ನಡೆಯುವುದು. ಮೈಸೂರಿನಲ್ಲಿ 26 ಡಿಗ್ರಿಯ ಕೊಠಡಿಯೊಳಗೆ ತಳವು 40 ಡಿಗ್ರಿಗೆ ಏರಿತೆಂದು ಇಟ್ಟುಕೊಳ್ಳಿರಿ. ಗಾಳಿಗಿಂತ 14 ಡಿಗ್ರಿ ಹೆಚ್ಚು. ಅದೇ ಯಂತ್ರವನ್ನು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ 38 ಡಿಗ್ರಿಯ ಕೊಠಡಿಗೆ ತಂದರೆ, ಅದೇ ಕೆಲಸಕ್ಕೆ ತಳವು 52ರ ಸಮೀಪಕ್ಕೆ ಹೋಗಲು ಯತ್ನಿಸುವುದು. ಹೊರಗೆ 40 ಡಿಗ್ರಿಯನ್ನು ಮೀರುವ ಆ ದಿನಗಳಲ್ಲಿ ಮನೆಯೊಳಗೆ 38 ಡಿಗ್ರಿಯೆಂಬುದು ಅತಿಶಯೋಕ್ತಿಯಲ್ಲ. ಫ್ಯಾನು ಏನು ಮಾಡೀತು? ಅದು ಬೀಸುವುದೂ ಆ ಬಿಸಿಗಾಳಿಯನ್ನೇ. ಆಪಲ್ ಸಂಸ್ಥೆಯವರು ತಮ್ಮ ಮ್ಯಾಕ್‌ಬುಕ್ಕುಗಳನ್ನು 10ರಿಂದ 35 ಡಿಗ್ರಿಯ ನಡುವಣ ಗಾಳಿಯಲ್ಲಿ ಉಪಯೋಗಿಸಬೇಕೆಂದು ಬರೆದಿರುವರು. ನಮ್ಮ ಕಲ್ಯಾಣ ಕರ್ನಾಟಕದ ಬೇಸಗೆಯ ಮಧ್ಯಾಹ್ನವು ಈ ಮಿತಿಯ ಹೊರಗಿನದು. ಪತ್ರಿಕೆಗಳಲ್ಲಿ ಬರುವ ಪರೀಕ್ಷೆಗಳು ಸಾಮಾನ್ಯವಾಗಿ ತಂಪಾದ ಕೊಠಡಿಗಳಲ್ಲಿ ನಡೆದವು. ಅವುಗಳಲ್ಲಿ ತಳದ ಉಷ್ಣತೆಯನ್ನು ಓದಿದಾಗ, ಕೊಠಡಿಯ ಉಷ್ಣತೆಯನ್ನೂ ಹುಡುಕಿ ಕಳೆದು, ನಿಮ್ಮ ಊರಿನದನ್ನು ಕೂಡಿಸಿ ನೋಡತಕ್ಕದ್ದು. ಬೆಂಗಳೂರಿನ ಬಂಧುಗಳು ತಂಪೆಂದು ಹೊಗಳಿದ ಯಂತ್ರವು ರಾಯಚೂರಿನಲ್ಲಿ ಸುಡುವುದಕ್ಕೆ ಬಂಧುಗಳ ಸುಳ್ಳು ಕಾರಣವಲ್ಲ.

ಹಾಗಾದರೆ ಆ ಹುಡುಗಿಗೆ ಯಾವುದು ಯೋಗ್ಯ? ಸಿವಿಲ್ ವಿದ್ಯಾರ್ಥಿನಿಗೆ ಆಟೋಕ್ಯಾಡ್, ರೆವಿಟ್, ಸ್ಟಾಡ್ ಪ್ರೊ ಮುಂತಾದುವು ಬೇಕಾಗುವುವು. ಇವುಗಳಲ್ಲಿ ಕೊನೆಯ ಎರಡು ವಿಂಡೋಸಿನಲ್ಲಿ ಮಾತ್ರ ನಡೆಯುವುವು. ಆದ್ದರಿಂದ ನಾವು ಮೇಲೆ ಹೊಗಳಿದ ಮ್ಯಾಕ್‌ಬುಕ್ ಈಕೆಗೆ ಹೊಂದುವುದಿಲ್ಲ. ಕ್ವಾಲ್‌ಕಾಮ್ ಪ್ರೊಸೆಸರುಳ್ಳ ವಿಂಡೋಸ್ ಯಂತ್ರಗಳೂ ಮಿತಾಹಾರಿಗಳೇ, ಆದರೆ ಈ ತಂತ್ರಾಂಶಗಳು ಅದರಲ್ಲಿ ನಡೆಯುವುವೇ ಎಂದು ಖಚಿತಪಡಿಸಿಕೊಳ್ಳದೆ ಕೊಳ್ಳತಕ್ಕದ್ದಲ್ಲ. ಮನೆಯ ನಕ್ಷೆ, ತೊಲೆ ಕಂಬಗಳ ಲೆಕ್ಕ, ಪಾಠದ ಟಿಪ್ಪಣಿ ಇವಿಷ್ಟಕ್ಕೆ ‘ಯು’ ವರ್ಗದ ಪ್ರೊಸೆಸರು, 16 ಜಿಬಿ ಸ್ಮರಣೆ, 512 ಜಿಬಿ ಎಸ್‌ಎಸ್‌ಡಿ, 65 ವಾಟಿನ ಚಾರ್ಜರುಳ್ಳ ಸಾಧಾರಣ ಯಂತ್ರವು ಸಾಕೆಂದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಕಟ್ಟಡದ ಸಜೀವ ಚಿತ್ರಗಳನ್ನು ರಚಿಸುವ ಭಾರಿ ಕೆಲಸ ಬಂದರೆ ಕಾಲೇಜಿನ ಪ್ರಯೋಗಶಾಲೆಯ ಯಂತ್ರಗಳಿರುವುವು. ಅವುಗಳ ಮೇಲೆ ಆಕೆಗೆ ಹಕ್ಕುಂಟು. ಅಂಗಡಿಕಾರನನ್ನು ಕೇಳುವುದಕ್ಕೆ ಮೊದಲು, ಮುಂದಿನ ಎರಡು ವರ್ಷಗಳಲ್ಲಿ ಯಾವ ಕೆಲಸ ಮನೆಯಲ್ಲಿಯೇ ಆಗಬೇಕೆಂದು ಆಕೆಯ ಅಧ್ಯಾಪಕರನ್ನು ಕೇಳಿರಿ. ಅವರು ಪ್ರತ್ಯೇಕ ಗ್ರಾಫಿಕ್ಸ್ ಅನಿವಾರ್ಯವೆಂದರೆ ಮರುಮಾತಿಲ್ಲದೆ ಅದನ್ನೇ ಕೊಳ್ಳಬೇಕು. ಆಗ ಅದು ಮೇಜಿನ ಯಂತ್ರವೆಂದು ಮನೆಯವರೆಲ್ಲರೂ ಒಪ್ಪಿಕೊಳ್ಳಬೇಕು, ಮಂಚಕ್ಕೆ ಏರಕೂಡದು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಹೀಗೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿರಿ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಚಲಚ್ಚಿತ್ರವೊಂದನ್ನು ನಡೆಯಿಸಿ, ಜತೆಗೆ ಹತ್ತಾರು ಜಾಲಪುಟಗಳನ್ನು ತೆರೆದು ಬಿಡಿರಿ. ಇಪ್ಪತ್ತು ನಿಮಿಷಗಳಾದ ಮೇಲೆ ಕೈಯ ಹಿಂಬದಿಯಿಂದ ತಳವನ್ನು, ಮಣಿಕಟ್ಟು ಊರುವ ಎಡೆಯನ್ನು, ಕೀಲಿಮಣೆಯ ನಡುಭಾಗವನ್ನು ಮುಟ್ಟಿ ನೋಡಿರಿ. ಮಗುವಿನ ಜ್ವರವನ್ನು ನೋಡುವ ಕೈಗೆ ಇದನ್ನು ಕಲಿಸಬೇಕಾಗಿಲ್ಲ. ಅಂಗಡಿಯ ಹವಾನಿಯಂತ್ರಣದಲ್ಲಿಯೇ ಬಿಸಿಯೆನಿಸಿದರೆ ಮನೆಯಲ್ಲಿ ಆಶೆಯಿಲ್ಲ. ಇಷ್ಟು ಹೊತ್ತು ನಿಲ್ಲಲು ಬಿಡದ ವರ್ತಕರ ಬಳಿ ಅರವತ್ತು ಸಾವಿರದ ವ್ಯಾಪಾರವೇಕೆ?

ಸೌಖ್ಯವೆಂದರೆ ತಂಪು ಮಾತ್ರವಲ್ಲ. ಈ ಯಂತ್ರದ ಜನ್ಮದೋಷವೊಂದುಂಟು: ಕೈಗೆ ಸರಿಯಾದ ಎತ್ತರಕ್ಕಿಟ್ಟರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಯಾಗಿಟ್ಟರೆ ಕೈಗೆ ಎತ್ತರ, ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಹೆಚ್ಚು ಹೊತ್ತು ಕೆಲಸ ಮಾಡುವವರು ಯಂತ್ರವನ್ನು ನಾಲ್ಕೈದು ದಪ್ಪ ಪುಸ್ತಕಗಳಷ್ಟು ಎತ್ತರಿಸಿ, ಬೇರೆ ಕೀಲಿಮಣೆ ಮೌಸುಗಳನ್ನು ಮುಂದಿಟ್ಟುಕೊಳ್ಳುವುದು ಮೇಲು. ಇವೆರಡೂ ಒಂದೆರಡು ಸಾವಿರದೊಳಗೆ ಬರುವುವು. ಹಾಗೆ ಮಾಡಿದರೆ ಬಿಸಿಯೂ ಮಾರುದ್ದ ದೂರವಾಯಿತು, ಕುತ್ತಿಗೆಯೂ ನೆಟ್ಟಗಾಯಿತು. ಚಾಪೆಯ ಮೇಲೆ ಕುಳಿತು ಓದುವ ರೂಢಿಯವರು ಅದನ್ನು ಬಿಡಬೇಕಾಗಿಲ್ಲ. ಹಿಂದೆ ಶಾನುಭೋಗರು ಇಳಿಜಾರಿನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ನೆಲದ ಮೇಲೆಯೇ ದಿನವೆಲ್ಲ ಲೆಕ್ಕ ಬರೆಯುತ್ತಿದ್ದರು. ಅಂಥ ಗಿಡ್ಡ ಮೇಜನ್ನು ಊರಿನ ಬಡಗಿಯಿಂದ ಮಾಡಿಸಿದರೆ ತೊಡೆಗೂ ಯಂತ್ರಕ್ಕೂ ನಡುವೆ ಗಾಳಿಯಾಡಲು ಸ್ಥಳವಾಗುವುದು. ಪರದೆಯು ಕನ್ನಡಿಯಂತೆ ಹೊಳೆಯದೆ ಮಂಕಾದ ಮೈಯುಳ್ಳದ್ದಾಗಿರಲಿ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ತೂಕವು ಒಂದೂವರೆ ಕಿಲೋಗ್ರಾಮಿನ ಸಮೀಪದಲ್ಲಿದ್ದರೆ ಬಸ್ಸಿನಲ್ಲಿ ನಿಂತು ಹೋಗುವವರ ಭುಜಕ್ಕೆ ಉಪಕಾರ.

ಫ್ಯಾನುಗಳನ್ನು ಹೊಂದಿಸಿದ ತಂಪುಹಲಗೆಗಳನ್ನು ವರ್ತಕರು ಜತೆಗೆ ಮಾರಲೆಳಸುವರು. ಯಂತ್ರದ ತಳವನ್ನು ಎರಡಂಗುಲ ಎತ್ತಿ ಹಿಡಿಯುವುದರಿಂದಲೇ ಅದರ ಪ್ರಯೋಜನವು ಬಹುಪಾಲು ಬರುವುದು. ಆ ಕೆಲಸವನ್ನು ಮರದ ಎರಡು ಪಟ್ಟಿಗಳೂ ಮಾಡಬಲ್ಲುವು. ಅದಕ್ಕಿಂತ ಫಲಕಾರಿಯಾದುದು ವಿಂಡೋಸಿನ ಸೆಟ್ಟಿಂಗಿನಲ್ಲಿ ಶಕ್ತಿಯ ಕ್ರಮವನ್ನು ಮಿತವ್ಯಯಕ್ಕೆ ತಿರುಗಿಸುವುದು. ಓದುಬರೆಹದ ಕೆಲಸದಲ್ಲಿ ವೇಗದ ವ್ಯತ್ಯಾಸವು ತಿಳಿಯುವುದೇ ಇಲ್ಲ, ಫ್ಯಾನಿನ ಗದ್ದಲ ಮಾತ್ರ ಅಡಗುವುದು. ಸದಾ ಗೋಡೆಗೆ ಸಿಕ್ಕಿಸಿಯೇ ಬಳಸುವವರು ಬ್ಯಾಟರಿಯು 80 ಪ್ರತಿಶತಕ್ಕೆ ನಿಲ್ಲುವಂತೆ ಮಾಡುವ ಏರ್ಪಾಡು ತಮ್ಮ ಯಂತ್ರದಲ್ಲಿದೆಯೇ ನೋಡಿಕೊಳ್ಳಬೇಕು. ಪೂರ್ಣ ತುಂಬಿದ ಬ್ಯಾಟರಿಗೂ ಬಿಸಿಗೂ ಬಹಳ ವೈರ.

ಕೊನೆಗೆ, ಮನೆಯಲ್ಲಿ ಉಳಿಯುವ ಹಳೆಯ ಯಂತ್ರ. ಹೊಸದು ಬಂದಿತೆಂದು ಅದನ್ನು ತಮ್ಮನ ಕೈಗೋ ತಂಗಿಯ ಕೈಗೋ ಕೊಟ್ಟು ಅವರ ತೊಡೆಗೆ ಏರಿಸಬೇಡಿರಿ. ಅನೇಕ ವೇಳೆ ಹಳೆಯ ಯಂತ್ರದ ಬಿಸಿಗೆ ಗವಾಕ್ಷಗಳಲ್ಲಿ ಮೆತ್ತಿದ ಧೂಳೂ, ಪ್ರೊಸೆಸರಿನ ಮೇಲೆ ಶಾಖವನ್ನು ಸಾಗಿಸಲು ಹಚ್ಚಿದ ಲೇಪವು ಒಣಗಿರುವುದೂ ಕಾರಣ. ರಿಪೇರಿ ಬಲ್ಲವರು ಎರಡನ್ನೂ ಒಂದು ಗಂಟೆಯೊಳಗೆ ಸರಿಪಡಿಸುವರು; ಆಮೇಲೆ ಅದು ಮೇಜಿನ ಮೇಲೆ ಇನ್ನೆರಡು ವರ್ಷ ದುಡಿದೀತು. ಆದರೆ ತಳವು ಸಮವಾಗಿ ಕೂರದೆ ಅಲುಗಾಡುತ್ತಿದ್ದರೆ, ಮೌಸಿನ ಫಲಕವು ಉಬ್ಬಿ ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿಯು ಊದಿಕೊಂಡಿದೆಯೆಂದು ತಿಳಿಯಿರಿ. ಅಂಥದನ್ನು ಆ ಕ್ಷಣವೇ ಆರಿಸಿ, ಚಾರ್ಜರಿಗೆ ಸಿಕ್ಕಿಸದೆ, ಒತ್ತದೆ, ಚುಚ್ಚದೆ, ಹಾಸಿಗೆ ಬಟ್ಟೆಗಳಿಂದ ದೂರವಾಗಿ ಗಟ್ಟಿ ನೆಲದ ಮೇಲಿಟ್ಟು, ಬ್ಯಾಟರಿಯನ್ನು ಬಲ್ಲವರಿಂದಲೇ ತೆಗೆಸತಕ್ಕದ್ದು. ಗುಜರಿಯವನ ಚೀಲಕ್ಕಾಗಲಿ ಕಸದ ಗಾಡಿಗಾಗಲಿ ಅದನ್ನು ಹಾಕಕೂಡದು. ವಿದ್ಯುನ್ಮಾನ ಕಸವನ್ನು ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿ ರಸೀದಿ ಪಡೆಯಿರಿ.